ಅಪ್ಪ ಅಮ್ಮನನ್ನು ದುಬೈಗೆ ಮಂಗಳೂರಿಂದ ಹತ್ತಿಸುವುದಾ, ಬೆಂಗಳೂರಿಂದಲಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಬೇಕು ಅನಿಸಿತು. ಕುಂದಾಪುರದ ಹತ್ತಿರ ಇರುವ ನಿಮ್ಮ ಅಪ್ಪ ಅಮ್ಮ ಮೊದಲ ಸಲ ದುಬೈಗೆ ಬರುತ್ತಿದ್ದಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಬೆಂಗಳೂರಿಂದ ಟಿಕೆಟ್ ಸ್ವಲ್ಪ ಅಗ್ಗ ಕಾಣಿಸುತ್ತಿದೆ. ಮಂಗಳೂರಿನದ್ದು ಟೇಬಲ್‌ಟಾಪ್ ರನ್‌ವೇ, ಅಂದರೆ ಗುಡ್ಡದ ತಲೆಯ ಮೇಲೆ ಕಟ್ಟಿದ್ದು, ಅಂತ ಮನೆಯಲ್ಲಿ ಹೆದರಿಕೆ ಬೇರೆ. ಎಲ್ಲಿಂದ ಹತ್ತಿಸಿದರೆ ಒಳ್ಳೆಯದು, ಮಂಗಳೂರಿನ ಒಳಿತು ಕೆಡುಕು ಏನು ಅಂತ ಕೇಳಿದ್ದೀರಿ.

ನಾನು ಬ್ರಹ್ಮಾವರ ಕಡೆಯವಳು. ಶಾರ್ಜಾದಲ್ಲಿ ಅಕೌಂಟ್ಸ್ ಕೆಲಸ. ಹದಿನಾಲ್ಕು ವರ್ಷದಿಂದ ವರ್ಷಕ್ಕೆ ಎರಡು ಸಲವಾದರೂ ಮಂಗಳೂರಿನ ಮೇಲೆಯೇ ಊರಿಗೆ ಬಂದು ಹೋಗುತ್ತಿದ್ದೇನೆ. ನನ್ನ ಅಮ್ಮನನ್ನೂ ಅಲ್ಲಿಂದಲೇ ಕರೆಸಿಕೊಂಡೆ. ಹಾಗಾಗಿ ನೇರವಾಗಿ ಹೇಳುತ್ತೇನೆ. ಮಂಗಳೂರಿಂದಲೇ ಹತ್ತಿಸಿ. ಆದರೆ ತಿಂಗಳು ನೋಡಿ ಹತ್ತಿಸಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬರುವುದಾದರೆ ಇನ್ನೊಮ್ಮೆ ಯೋಚಿಸಿ.

ಯಾಕೆ ಮಂಗಳೂರು ಅಂದರೆ, ಮೊದಲನೆಯದಾಗಿ ದಾರಿ. ಕುಂದಾಪುರದಿಂದ ಹೊರಟರೆ ಕಾರಿನಲ್ಲಿ ಎರಡು, ಎರಡೂವರೆ ಗಂಟೆ. ಬೆಂಗಳೂರಾದರೆ ರಾತ್ರಿಯಿಡೀ ಬಸ್ಸಿನಲ್ಲೋ ಪಂಚಗಂಗಾ ರೈಲಿನಲ್ಲೋ ಕೂತು ಹೋಗಬೇಕು. ಅಲ್ಲಿಗೇ ಮುಗಿಯುವುದಿಲ್ಲ. ಬೆಂಗಳೂರಿನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ. ಮೆಜೆಸ್ಟಿಕ್‌ನಲ್ಲಿ ಇಳಿದು ಮತ್ತೆ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಪ್ರಯಾಣ. ಮಂಡಿನೋವು ಇರುವವರಿಗೆ ವಿಮಾನ ಹತ್ತುವ ಮೊದಲೇ ಸಾಕುಬೇಕಾಗಿ ಹೋಗುತ್ತದೆ. ಟಿಕೆಟ್‌ನಲ್ಲಿ ಉಳಿಸಿದ ದುಡ್ಡು ಬಸ್ಸು, ಟ್ಯಾಕ್ಸಿ, ಒಂದು ದಿನದ ರೂಮು ಅಂತ ಹೋಗಿಬಿಡುತ್ತದೆ. ನಾನು ಒಮ್ಮೆ ಕೂತು ಲೆಕ್ಕ ಹಾಕಿದ್ದೇನೆ. ಇಬ್ಬರಿಗೆ ಸೇರಿ ಎಂತದೂ ಉಳಿಯಲಿಲ್ಲ.

ಇನ್ನು ನಿಲ್ದಾಣದ ಅಳತೆ. ಮಂಗಳೂರಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ. ಬೆಂಗಳೂರಲ್ಲಿ 4 ಕೋಟಿ ದಾಟಿದೆ. ಬೆಂಗಳೂರಿನ ಎರಡನೇ ಟರ್ಮಿನಲ್ ಬಹಳ ಚಂದ ಇದೆ, ಬಿದಿರು, ಗಿಡ, ನೀರು ಎಲ್ಲ. ನನಗೂ ಇಷ್ಟ. ಆದರೆ ಮೊದಲ ಸಲ ಹೋಗುವ ವಯಸ್ಸಾದವರಿಗೆ ಅದು ನಡೆದಷ್ಟೂ ಮುಗಿಯದ ಜಾಗ. ಮಂಗಳೂರಲ್ಲಿ ಒಳಗೆ ಕಾಲಿಟ್ಟರೆ ಎದುರಿಗೇ ಕೌಂಟರ್. ಅಲ್ಲಿಂದ ಇಮಿಗ್ರೇಷನ್, ಸೆಕ್ಯುರಿಟಿ, ಗೇಟು. ದಾರಿ ತಪ್ಪೋಣ ಅಂದರೂ ತಪ್ಪುವಷ್ಟು ಜಾಗ ಇಲ್ಲ.

ಅಮ್ಮ ಮೊದಲ ಸಲ ಬಂದ ದಿನ ನಡೆದದ್ದು ಹೇಳುತ್ತೇನೆ. ನಾನು ಶಾರ್ಜಾದಲ್ಲಿ ಫೋನ್ ಹಿಡಿದು ಕೂತಿದ್ದೆ. ಅಣ್ಣ ಅವರನ್ನು ಬಾಗಿಲ ತನಕ ಬಿಟ್ಟು ಗಾಜಿನಾಚೆ ನಿಂತಿದ್ದ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ನಿಮಗೆ ಗೊತ್ತಲ್ವಾ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡುವ ಮೊದಲೇ ಕೇಳಿದಳಂತೆ, "ಅಮ್ಮಾ, ಕೈಚೀಲದಲ್ಲಿ ಎಂತ ಉಂಟು? ಉಪ್ಪಿನಕಾಯಿ ಉಂಟಾ?" ಇತ್ತು. ಮಿಡಿ ಉಪ್ಪಿನಕಾಯಿಯ ಭರಣಿ, ಮೇಲೆ ಬಟ್ಟೆ ಕಟ್ಟಿ, ಅದರ ಮೇಲೆ ಎರಡು ಪ್ಲಾಸ್ಟಿಕ್ ಸುತ್ತಿ, ಸೀರೆಯ ನಡುವೆ ಇಟ್ಟಿದ್ದರು. ಸೆಕ್ಯುರಿಟಿಗೆ ಹೋಗಿದ್ದರೆ ಅದು ಅಲ್ಲೇ ಬುಟ್ಟಿಗೆ ಹೋಗುತ್ತಿತ್ತು. ಆ ಹುಡುಗಿಯೇ ದೊಡ್ಡ ಪೆಟ್ಟಿಗೆ ತೆಗೆಸಿ, ಚಾದರದ ಒಳಗೆ ಭರಣಿ ಇಡಿಸಿ, ಮತ್ತೆ ತೂಕ ಮಾಡಿದಳು. ಜೊತೆಗೆ ಇದ್ದ ಒಣ ಕೊಬ್ಬರಿ ಮಾತ್ರ ವಿಮಾನದಲ್ಲಿ ಬಿಡುವುದಿಲ್ಲ ಅಂದಳು. ಅದಕ್ಕೆ ಬೇಗ ಬಿಸಿಯಾಗಿ ಬೆಂಕಿ ಹಿಡಿಯುವ ಗುಣ ಇದೆಯಂತೆ. ವೀಲ್‌ಚೇರ್ ತಳ್ಳುವ ಹುಡುಗ ಕೊಬ್ಬರಿ ಪೊಟ್ಟಣ ಹಿಡಿದು ಬಾಗಿಲ ತನಕ ಹೋಗಿ ಅಣ್ಣನ ಕೈಗೆ ಕೊಟ್ಟು ಬಂದ. ಅಮ್ಮ ಇಲ್ಲಿ ಇಳಿದ ಮೇಲೆ ಮೊದಲು ಹೇಳಿದ್ದು ವಿಮಾನದ ಸುದ್ದಿ ಅಲ್ಲ, ಆ ಇಬ್ಬರು ಮಕ್ಕಳ ಸುದ್ದಿ.

ನಮ್ಮ ಕಡೆಯ ಅಮ್ಮಂದಿರು ಚೀಲದಲ್ಲಿ ಏನು ತುಂಬುತ್ತಾರೆ ಅಂತ ಅಲ್ಲಿನವರಿಗೆ ಗೊತ್ತಿರುತ್ತದೆ. ಕೌಂಟರಿನವರು, ಕ್ಲೀನಿಂಗ್‌ನವರು, ವೀಲ್‌ಚೇರ್ ಹುಡುಗರು ಹೆಚ್ಚಿನವರು ತುಳು, ಕನ್ನಡ, ಬ್ಯಾರಿ ಮಾತಾಡುವವರು. ಸೆಕ್ಯುರಿಟಿಯಲ್ಲಿ ಇರುವ ಕೇಂದ್ರದ ಭದ್ರತಾ ಪಡೆಯವರು, ಸಿಐಎಸ್‌ಎಫ್‌ನವರು, ಮಾತ್ರ ಜಾಸ್ತಿ ಹಿಂದಿಯವರು. ಅಲ್ಲಿ ಏನು ಕೇಳುತ್ತಾರೆ, ಬಳೆ, ಬೆಲ್ಟು, ಮೊಬೈಲು ಟ್ರೇಯಲ್ಲಿ ಹಾಕಬೇಕು ಅಂತ ಮೊದಲೇ ಹೇಳಿಟ್ಟರೆ ಸಾಕು. ವೀಲ್‌ಚೇರ್ ಮಾತ್ರ ಟಿಕೆಟ್ ಮಾಡುವಾಗಲೇ ಇಬ್ಬರಿಗೂ ಕೇಳಿಕೊಳ್ಳಿ. ನಡೆಯಲು ಆಗುತ್ತದೆ ಅಂತ ಅಪ್ಪ ಹಟ ಮಾಡಬಹುದು. ಆದರೂ ಕೇಳಿಕೊಳ್ಳಿ. ದುಬೈಯಲ್ಲಿ ಇಳಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಈಗ ಹೆದರಿಕೆಯ ವಿಷಯ. ಇದನ್ನು ತಳ್ಳಿಹಾಕುವುದು ನನ್ನಿಂದ ಆಗುವುದಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದದ್ದು 8 ಜನ. ಉಡುಪಿ, ಮಂಗಳೂರು, ಕಾಸರಗೋಡು ಕಡೆ ಆ ದಿನ ಮರೆತವರು ಯಾರೂ ಇಲ್ಲ. ಮದುವೆಗೆ, ಸಾವಿಗೆ, ರಜೆಗೆ ಅಂತ ಹೊರಟವರು. ನಾವೂ ಅದೇ ದಾರಿಯಲ್ಲಿ ಓಡಾಡುವವರಲ್ವಾ. ಈಗಲೂ ಆ ರನ್‌ವೇ ಮುಟ್ಟುವಾಗ ನಾನು ಒಂದು ಕ್ಷಣ ಕಣ್ಣು ಮುಚ್ಚುತ್ತೇನೆ.

ಆದರೆ ಮನೆಯವರಿಗೆ ಇದನ್ನೂ ತಿಳಿಸಿ. ರನ್‌ವೇ ಗುಡ್ಡದ ಮೇಲಿದೆ, ತುದಿಯಲ್ಲಿ ಇಳಿಜಾರು ಇದೆ, ಉದ್ದ 2,450 ಮೀಟರ್, ಅಂದರೆ ಸುಮಾರು 8,000 ಅಡಿ. ಬೆಂಗಳೂರಿನದ್ದು 4,000 ಮೀಟರ್. ನಿಜವೇ. ಆದರೆ ನಮ್ಮ ಗಲ್ಫ್ ವಿಮಾನಗಳ ಅಳತೆಗೆ ಈ ಉದ್ದ ಸಾಕಾಗುತ್ತದೆ. ಆ ದಿನ ವಿಮಾನದ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ ಅಂತ ತನಿಖೆಯ ವರದಿಯಲ್ಲಿದೆ. ಇಳಿಯುವ ರೀತಿ ಸರಿ ಇಲ್ಲದಿದ್ದರೂ ಕ್ಯಾಪ್ಟನ್ ಮತ್ತೆ ಮೇಲೆ ಏರಿಸಲಿಲ್ಲ. ಮೇಲೆ ಏರಿಸಿ ಅಂತ ಸಹ ಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿ ಸಿಕ್ಕಿತ್ತು. ಅಂದರೆ, ಗುಡ್ಡದ ಮೇಲಿನ ರನ್‌ವೇ ತಪ್ಪನ್ನು ಕ್ಷಮಿಸುವುದಿಲ್ಲ. ಅದಕ್ಕೇ ಇಲ್ಲಿ ಮಳೆ ಮೋಡ ಇದ್ದರೆ ಪೈಲಟ್‌ಗಳು ಸುಮ್ನೆ ಪ್ರಯತ್ನ ಮಾಡಲು ಹೋಗುವುದಿಲ್ಲ. ಮೇಲೆ ಏರಿಸಿ, ಸುತ್ತು ಹಾಕಿ, ಆಗದಿದ್ದರೆ ಬೇರೆ ಊರಿಗೆ ಒಯ್ಯುತ್ತಾರೆ.

ನನಗೆ ಆದದ್ದು ಒಂದು ಜುಲೈಯಲ್ಲಿ. ಬೆಳಗಿನ ಜಾವ. ಕಿಟಕಿಯಲ್ಲಿ ಮೊದಲು ಮೋಡ, ಆಮೇಲೆ ಒಮ್ಮೆಲೇ ರನ್‌ವೇಯ ದೀಪ, ತೆಂಗಿನ ತಲೆ, ಕೆಂಪು ಮಣ್ಣು. ಇನ್ನೇನು ಮುಟ್ಟಿತು ಅನ್ನುವಾಗ ಎಂಜಿನ್ ಅಬ್ಬರಿಸಿ ವಿಮಾನ ಮೇಲಕ್ಕೆ ಹೊರಟಿತು. ನನ್ನ ಪಕ್ಕದಲ್ಲಿದ್ದ ಬ್ಯಾರಿ ಅಜ್ಜ ಜಪಮಣಿ ಬಿಗಿಯಾಗಿ ಹಿಡಿದುಕೊಂಡರು. ಹಿಂದಿನ ಸೀಟಿನ ಹೆಂಗಸು "ಕಟೀಲಮ್ಮಾ" ಅಂತ ಒಮ್ಮೆ ಹೇಳಿ ಸುಮ್ಮನಾದರು. ಇನ್ನೊಂದು ಸುತ್ತು, ಮತ್ತೆ ಅದೇ. ಕೊನೆಗೆ ಬೆಂಗಳೂರಿಗೆ ಒಯ್ದರು. ಅಲ್ಲಿ ಇಳಿಯಲು ಬಿಡಲಿಲ್ಲ, ಒಳಗೇ ಮೂರು ಗಂಟೆ ಕೂತೆವು. ಮಳೆ ಬಿಟ್ಟ ಮೇಲೆ ವಾಪಸ್ ಬಂದು ಮಂಗಳೂರಲ್ಲಿ ಇಳಿದಾಗ ಮಧ್ಯಾಹ್ನ. ಆ ಕ್ಯಾಪ್ಟನ್ ಮೇಲೆ ನನಗೆ ಕೋಪ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದರು, ಕೈ ಮುಗಿದು ಇಳಿದೆ. ಆದರೆ ಆ ಒಂಬತ್ತು ಗಂಟೆ ನಿಮ್ಮ ಅಪ್ಪ ಅಮ್ಮ, ಇಬ್ಬರೇ, ಮೊದಲ ಸಲ, ಸಕ್ಕರೆ ಕಾಯಿಲೆಯ ಮಾತ್ರೆ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿಕೊಂಡು ಕೂತಿದ್ದರೆ? ಮಳೆಗಾಲ ಬೇಡ ಅಂದದ್ದು ಇದಕ್ಕೆ. ಯಾವ ತಿಂಗಳಾದರೂ ಮಾತ್ರೆ, ಸ್ವಲ್ಪ ತಿಂಡಿ, ಒಂದು ಶಾಲು ಕೈಚೀಲದಲ್ಲೇ ಇರಲಿ.

ಮಂಗಳೂರಿನ ನಿಜವಾದ ಕೊರತೆ ಇರುವುದು ಇಲ್ಲೇ. ಒಂದು ವಿಮಾನ ತಪ್ಪಿದರೆ ಅವತ್ತು ಇನ್ನೊಂದು ಸಿಗುವುದು ಕಷ್ಟ. ದುಬೈಗಾದರೂ ದಿನಾ ಇದೆ. ಗಲ್ಫಿನ ಬೇರೆ ಕೆಲವು ಊರುಗಳ ಕಡೆಯವರ ಪಾಡು ಕೇಳಿ, ವಾರದಲ್ಲಿ ಕೆಲವೇ ದಿನ. ಒಂದು ರದ್ದಾದರೆ ರಜೆಯೇ ಎರಡು ದಿನ ಕಡಿಮೆ. ಎಮಿರೇಟ್ಸ್, ಕತಾರ್ ಏರ್‌ವೇಸ್‌ನಂಥ ಹೊರಗಿನ ಕಂಪನಿಗಳು ಇಲ್ಲಿಗೆ ಬರುವುದಿಲ್ಲ. ಗಲ್ಫಿಗೆ ಹಾರುವುದು ನಮ್ಮ ದೇಶದ ಕಂಪನಿಗಳ ಚಿಕ್ಕ ವಿಮಾನಗಳು ಮಾತ್ರ. ಪೈಪೋಟಿ ಕಡಿಮೆ, ಸೀಟು ಕಡಿಮೆ. ಹಾಗಾಗಿ ಜುಲೈ-ಆಗಸ್ಟ್‌ನ ಗಲ್ಫ್ ಶಾಲಾ ರಜೆ, ಈದ್, ಕ್ರಿಸ್‌ಮಸ್ ಬಂತೆಂದರೆ ಟಿಕೆಟ್ ದರ ಮುಟ್ಟುವ ಹಾಗಿರುವುದಿಲ್ಲ. ದೊಡ್ಡ ರನ್‌ವೇಯೂ ಒಂದೇ. 2023ರಲ್ಲಿ ಅದಕ್ಕೆ ಹೊಸದಾಗಿ ಡಾಂಬರು ಹಾಕುವಾಗ ಜನವರಿ ಕೊನೆಯಿಂದ ಮೇ ತನಕ ಹಗಲು ಹೊತ್ತು ಮುಚ್ಚಿದ್ದರು. ಆಗ ವಿಮಾನಗಳೆಲ್ಲ ಬೆಳಗ್ಗೆ ಸಂಜೆಗೆ ಬಿದ್ದವು.

ಇಷ್ಟು ವರ್ಷ ಇದನ್ನೆಲ್ಲ ಸಹಿಸಿಕೊಂಡು ಬಂದಿದ್ದೇವೆ. ಯಾಕಂದರೆ ಮೊದಲು ಅಷ್ಟೂ ಇರಲಿಲ್ಲ. ಮಂಗಳೂರಿನ ನಿಲ್ದಾಣ ಇರುವ ಬಜ್ಪೆಯಲ್ಲಿ 1951ರಿಂದ ವಿಮಾನ ಇಳಿಯುತ್ತಿದ್ದರೂ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕಿಂತ ಮುಂಚೆ ಹೋದ ನಮ್ಮ ಮಾವ, ಚಿಕ್ಕಪ್ಪಂದಿರು ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿ ಯಾರದೋ ರೂಮಿನಲ್ಲಿ ದಿನಗಟ್ಟಲೆ ಕಾದು ಹತ್ತಿದವರು. ಈಗ ಬ್ರಹ್ಮಾವರದಲ್ಲಿ ಮಧ್ಯಾಹ್ನ ಊಟ ಮಾಡಿ ಹೊರಟರೆ ರಾತ್ರಿಯೂಟಕ್ಕೆ ಶಾರ್ಜಾದಲ್ಲಿ ಇರುತ್ತೇನೆ. ಇದು ನನಗೆ ಸಣ್ಣ ವಿಷಯ ಅಲ್ಲ. ಹಾಗಾಗಿಯೇ ಇನ್ನೂ ನಾಲ್ಕು ವಿಮಾನ ಜಾಸ್ತಿ ಬರಬೇಕು, ರನ್‌ವೇ ಉದ್ದ ಆಗಬೇಕು ಅಂತ ಆಸೆಪಡುತ್ತೇನೆ.

ಉಳಿದದ್ದು ಚಿಕ್ಕಪುಟ್ಟದ್ದು. ಒಳಗೆ ತಿನ್ನಲು ಆಯ್ಕೆ ಕಡಿಮೆ, ಬೆಲೆ ಜಾಸ್ತಿ. 2020ರಲ್ಲಿ ಅದಾನಿಯವರ ಕೈಗೆ ಹೋದ ಮೇಲೆ ಟಿಕೆಟ್‌ನಲ್ಲಿ ಸೇರುವ ಬಳಕೆದಾರರ ಶುಲ್ಕ ಏರಿದೆ. ಎರಡು ವಿಮಾನ ಒಟ್ಟಿಗೆ ಇಳಿದರೆ ಬ್ಯಾಗಿಗೆ ಕಾಯಬೇಕು. ರಾತ್ರಿ ಹೊತ್ತು ಬಸ್ಸು ನಂಬುವ ಹಾಗಿಲ್ಲ, ಊರಿಂದಲೇ ಕಾರು ಮಾಡಿಕೊಳ್ಳಿ. ಡ್ರೈವರ್‌ಗೆ "ಬಜ್ಪೆ" ಅಂತಷ್ಟೇ ಹೇಳಬೇಡಿ. ಹಳೆ ಟರ್ಮಿನಲ್ ಇದ್ದದ್ದು ಆ ಕಡೆ. 2010ರಿಂದ ಪ್ರಯಾಣಿಕರ ಟರ್ಮಿನಲ್ ಕೆಂಜಾರು ಕಡೆ ಇದೆ.

ದಾರಿ ಎರಡು. ಹೆದ್ದಾರಿಯಲ್ಲೇ ಕೂಳೂರಿಗೆ ಹೋಗಿ ಕಾವೂರು, ಮರವೂರು ಮೇಲೆ ಹೋಗುವುದು ಒಂದು. ಮೂಲ್ಕಿಯಲ್ಲಿ ತಿರುಗಿ ಕಿನ್ನಿಗೋಳಿ, ಕಟೀಲು, ಬಜ್ಪೆ ಅಂತ ಹೋಗುವುದು ಇನ್ನೊಂದು. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದು ಕೂತಾಗ ನಮ್ಮನ್ನು ಕಾಪಾಡಿದ್ದು ಆ ಎರಡನೇ ದಾರಿ. ವಿಮಾನ ಸಂಜೆ ಇದ್ದರೆ ನಾನು ಈಗಲೂ ಅದನ್ನೇ ಹಿಡಿಯುತ್ತೇನೆ. ಕಟೀಲಿನಲ್ಲಿ ದೇವಿಯ ದರ್ಶನ ಮಾಡಿ, ಮಧ್ಯಾಹ್ನದ ಪ್ರಸಾದದ ಊಟ ಮಾಡಿ, ನಿಧಾನಕ್ಕೆ ಹೊರಟರೂ ಅರ್ಧ ಗಂಟೆಯೊಳಗೆ ನಿಲ್ದಾಣ. ವಯಸ್ಸಾದವರಿಗೆ ಅದರಿಂದ ಒಂದು ಧೈರ್ಯವೂ ಬರುತ್ತದೆ.

ನಿಮಗೆ ರಜೆ ಹೊಂದಿಕೆಯಾದರೆ ನವೆಂಬರ್‌ಗೆ ಟಿಕೆಟ್ ಮಾಡಿ. ಮಳೆ ಹೋಗಿರುತ್ತದೆ, ದುಬೈಯಲ್ಲಿ ಸೆಕೆಯೂ ಇಳಿದಿರುತ್ತದೆ, ಕ್ರಿಸ್‌ಮಸ್‌ನ ದರ ಇನ್ನೂ ಶುರುವಾಗಿರುವುದಿಲ್ಲ. ಹಗಲಿನ ವಿಮಾನ ಸಿಕ್ಕರೆ ಅಪ್ಪಯ್ಯನಿಗೆ ಕಿಟಕಿ ಪಕ್ಕದ ಸೀಟು ಕೇಳಿ ತೆಗೆದುಕೊಳ್ಳಿ. ಮೇಲೇರಿದ ಸ್ವಲ್ಪ ಹೊತ್ತಿಗೆ ಕೆಳಗೆ ಫಲ್ಗುಣಿ ಹೊಳೆ, ಅಳಿವೆ, ಆಮೇಲೆ ಕಡಲು ಕಾಣಿಸುತ್ತದೆ. ಅಮ್ಮನಿಗೆ ಉಪ್ಪಿನಕಾಯಿ ಭರಣಿ ದೊಡ್ಡ ಪೆಟ್ಟಿಗೆಗೇ ಹಾಕಲು ಇವತ್ತೇ ಹೇಳಿಡಿ.