ಎಲ್.ಸಿ.ಯಲ್ಲಿ ಚೀಲದ ಲೆಕ್ಕವೇ, ತೂಕದ ಲೆಕ್ಕವೇ?

ಪ್ರಶ್ನೆ: ಶಿರಸಿಯಿಂದ ಕಾಳುಮೆಣಸು ರಫ್ತು ಮಾಡುವ ನನಗೆ ವಿದೇಶಿ ಖರೀದಿದಾರರ ಬ್ಯಾಂಕು ಕೊಟ್ಟ ಎಲ್.ಸಿ.ಯಲ್ಲಿ (ಲೆಟರ್ ಆಫ್ ಕ್ರೆಡಿಟ್, ಅಂದರೆ ರವಾನೆಯ ದಾಖಲೆಗಳು ಷರತ್ತಿಗೆ ಹೊಂದಿದರೆ ಹಣ ಕೊಡುವೆನೆಂಬ ಬ್ಯಾಂಕಿನ ಭರವಸೆ ಪತ್ರ) 400 ಚೀಲವೆಂದೂ, ಭಾಗಶಃ ರವಾನೆಗೆ ಅವಕಾಶವಿಲ್ಲವೆಂದೂ ಬರೆದಿತ್ತು. ಲಾರಿ ದೇವಿಮನೆ ಘಟ್ಟ ಇಳಿಯುವಾಗ ಐದು ಚೀಲ ಮಳೆಗೆ ನೆನೆದದ್ದರಿಂದ ಅವನ್ನು ತೆಗೆದಿರಿಸಿ, ಉಳಿದ 395 ಚೀಲಗಳನ್ನು ಮಂಗಳೂರಿನಲ್ಲಿ ಹಡಗಿಗೇರಿಸಿದೆ. ಶೇ 5ರಷ್ಟು ಕಡಿಮೆಯಾದರೂ ಅಡ್ಡಿಯಿಲ್ಲವೆಂದು ನಮ್ಮ ಒಪ್ಪಂದದಲ್ಲಿದೆ. ಅಂತರರಾಷ್ಟ್ರೀಯ ನಿಯಮದಲ್ಲೂ ಅಷ್ಟು ರಿಯಾಯಿತಿ ಇದೆಯೆಂದು ಕೇಳಿದ್ದೇನೆ. ಆದರೂ ಆ ಬ್ಯಾಂಕು ದಾಖಲೆಗಳನ್ನು ನಿರಾಕರಿಸಿದೆ. ಇದು ಸರಿಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೆನೆದ ಮೆಣಸನ್ನು ಕಳುಹಿಸದೆ ನೀವು ಪ್ರಾಮಾಣಿಕವಾಗಿ ನಡೆದುಕೊಂಡಿದ್ದೀರಿ. ಹಾಗಿದ್ದೂ, ನೀವು ಕೊಟ್ಟ ವಿವರಗಳಂತೆ ನಿರಾಕರಣೆ ನಿಯಮಬದ್ಧವೇ ಆಗಿದೆಯೆಂದು ಹೇಳಬೇಕಾಗಿ ಬಂದದ್ದಕ್ಕೆ ನನಗೂ ಬೇಸರವಿದೆ.

ನೀವು ಹೇಳಿದ ಅಂತರರಾಷ್ಟ್ರೀಯ ನಿಯಮವೆಂದರೆ ಎಲ್.ಸಿ.ಗಳ ನಿಯಮಾವಳಿಯಾದ ಯು.ಸಿ.ಪಿ. 600. ಅದು ಯಾವುದೇ ದೇಶದ ಕಾನೂನಲ್ಲ. ಪ್ಯಾರಿಸ್ಸಿನ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ 1933ರಲ್ಲಿ ಮೊದಲು ಪ್ರಕಟಿಸಿ, ಹಲವು ಬಾರಿ ಪರಿಷ್ಕರಿಸಿ, 2007ರ ಜುಲೈ 1ರಿಂದ ಈಗಿನ ರೂಪದಲ್ಲಿ ಜಾರಿಗೆ ತಂದ 39 ವಿಧಿಗಳ ಈ ನಿಯಮಾವಳಿಗೆ ತಾನು ಒಳಪಟ್ಟಿದ್ದೇನೆಂದು ಎಲ್.ಸಿ.ಯೇ ಹೇಳುವುದರಿಂದ ಅದು ಎಲ್ಲರನ್ನೂ ಕಟ್ಟಿಹಾಕುತ್ತದೆ. ಮಾರಾಟದ ಒಪ್ಪಂದವೇ ಬೇರೆ, ಎಲ್.ಸಿ.ಯೇ ಬೇರೆ ಎಂದು ಅದರ 4ನೇ ವಿಧಿ ಹೇಳುತ್ತದೆ. ಆದ್ದರಿಂದ ನಿಮ್ಮ ಒಪ್ಪಂದದ ಮಾತು ಬ್ಯಾಂಕಿನ ಮೇಜಿನ ಮೇಲೆ ನಿಲ್ಲುವುದಿಲ್ಲ.

ನೀವು ಕೇಳಿದ ಶೇ 5ರ ರಿಯಾಯಿತಿ 30ನೇ ವಿಧಿಯಲ್ಲಿ ಇರುವುದು ನಿಜ, ಆದರೆ ಪ್ರಮಾಣವನ್ನು ಚೀಲ, ಪೆಟ್ಟಿಗೆಗಳ ಎಣಿಕೆಯಲ್ಲಿ ಹೇಳಿದ್ದರೆ ಅದು ದೊರೆಯದು. ಅದೇ ಸರಕನ್ನು 20 ಟನ್ ಎಂದಷ್ಟೇ ಬರೆಸಿದ್ದರೆ, 50 ಕಿಲೋ ಚೀಲದ ಲೆಕ್ಕದಲ್ಲಿ ನಿಮಗೆ ಕಡಿಮೆ ಬಿದ್ದ 250 ಕಿಲೋ ಶೇ 1.25 ಮಾತ್ರವಾಗಿ, ತಕರಾರೇ ಏಳುತ್ತಿರಲಿಲ್ಲ. ಚೀಲದ ಲೆಕ್ಕವೇ ಬೇಕೆನ್ನುವವರು ಸಂಖ್ಯೆಯ ಹಿಂದೆ ‘ಸುಮಾರು’ ಎಂಬ ಪದವನ್ನು ಸೇರಿಸಿಕೊಂಡರೆ ಹೆಚ್ಚು ಕಡಿಮೆ ಎರಡೂ ಕಡೆ ಶೇ 10ರ ಅವಕಾಶ ಸಿಗುತ್ತದೆ. ಇಂಥ ತಿದ್ದುಪಡಿಯನ್ನು ಲಾರಿ ತುಂಬುವ ಮೊದಲೇ ಕೇಳಿಕೊಳ್ಳಬೇಕು.

ಈಗ ಎರಡು ಕೆಲಸ ಉಳಿದಿವೆ. ದಾಖಲೆ ತಲುಪಿದ ಮರುದಿನದಿಂದ ಬ್ಯಾಂಕಿನ ಐದು ಕೆಲಸದ ದಿನಗಳೊಳಗೆ, ಪ್ರತಿಯೊಂದು ದೋಷವನ್ನೂ ಹೆಸರಿಸಿ, ಒಂದೇ ಸೂಚನೆಯಲ್ಲಿ ನಿರಾಕರಣೆ ಬಂದಿದೆಯೇ ಎಂದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ತಡವಾಗಿದ್ದರೆ ನಿರಾಕರಿಸುವ ಹಕ್ಕನ್ನೇ ಆ ಬ್ಯಾಂಕು ಕಳೆದುಕೊಂಡಿರುತ್ತದೆ. ಇನ್ನು, ದೋಷವನ್ನು ಮನ್ನಿಸುವಿರಾ ಎಂದು ಖರೀದಿದಾರರನ್ನು ಕೇಳುವುದು ಬ್ಯಾಂಕಿನ ಇಚ್ಛೆಗೆ ಬಿಟ್ಟ ವಿಷಯವಾದ್ದರಿಂದ, ಅದಕ್ಕಾಗಿ ಕಾಯದೆ ನೀವೇ ಇಂದೇ ಅವರಿಗೆ ಬರೆದು, 395 ಚೀಲಕ್ಕೆ ತಮ್ಮ ಸಮ್ಮತಿಯನ್ನು ಅವರ ಬ್ಯಾಂಕಿಗೆ ಲಿಖಿತವಾಗಿ ತಿಳಿಸುವಂತೆ ಕೋರಿಕೊಳ್ಳಿ.