ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೀತಿದೆ, ಇದು ಕೆಲಾಯ್ಡಾ ಇಲ್ಲಾ ಬರೀ ಉಬ್ಬಿದ ಕಲೆನಾ?

ಎರಡೂ ಶುರುವಾಗೋದು ಒಂದೇ ಥರ. ಗಾಯ ಆದಾಗ ಚರ್ಮದಲ್ಲಿರೋ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳು ಕೊಲಾಜೆನ್ ಅನ್ನೋ ನಾರಿನಂಥ ಪ್ರೋಟೀನ್ ತಯಾರು ಮಾಡಿ ಗಾಯ ಮುಚ್ಚುತ್ವೆ, ಮಾಗಿದ ಮೇಲೆ ಆ ಕೆಲಸ ನಿಲ್ಲಬೇಕು, ಆದ್ರೆ ಕೆಲವರಲ್ಲಿ ಒಳಗಿನ ಉರಿಯೂತ ಕಡಿಮೆ ಆಗದೆ ಕೊಲಾಜೆನ್ ಸೇರ್ತಾನೇ ಇರುತ್ತೆ, ಅದಕ್ಕೇ ಕಲೆ ಉಬ್ಬೋದು.

ವ್ಯತ್ಯಾಸ ತಿಳೀಬೇಕು ಅಂದ್ರೆ ಗಾಯದ ಅಂಚು ನೋಡಿ. ಬರೀ ಉಬ್ಬಿದ ಕಲೆ (ಡಾಕ್ಟರ್‌ಗಳು ಹೈಪರ್‌ಟ್ರೋಫಿಕ್ ಕಲೆ ಅಂತಾರೆ) ಎಷ್ಟೇ ದಪ್ಪ ಆದ್ರೂ ಮೂಲ ಗಾಯದ ಗಡಿ ದಾಟಲ್ಲ, ಒಂದೆರಡು ತಿಂಗಳಲ್ಲೇ ಕಾಣಿಸ್ಕೊಂಡು ವರ್ಷ ಕಳೀತಾ ತಾನಾಗೇ ತಗ್ಗಬಹುದು. ಸುಟ್ಟಗಾಯ, ಆಪರೇಷನ್ ಹೊಲಿಗೆ, ಕೀಲುಗಳ ಹತ್ರ ಜಾಸ್ತಿ.

ಕೆಲಾಯ್ಡ್ ಹಾಗಲ್ಲ. ಕಿವಿಗೆ ಚುಚ್ಚಿದ್ದು ಸೂಜಿಮೊನೆಯಷ್ಟು ತೂತು, ಗಂಟು ಮಾತ್ರ ನೆಲ್ಲಿಕಾಯಿ ಗಾತ್ರಕ್ಕೂ ಬೆಳೀಬಹುದು, ಕೆಲವೊಮ್ಮೆ ಗಾಯ ವಾಸಿಯಾಗಿ ಎಷ್ಟೋ ತಿಂಗಳಾದ್ಮೇಲೆ ಶುರುವಾಗುತ್ತೆ, ತುರಿಕೆ ನೋವು ಬೇರೆ, ತಾನಾಗೇ ಹೋಗೋದು ಅಪರೂಪ. ಕಿವಿ, ಎದೆ ಮಧ್ಯ, ಭುಜ, ದವಡೆಯಲ್ಲಿ ಹೆಚ್ಚು ಕಾಣುತ್ತೆ, ಅದರಲ್ಲೂ ಕಪ್ಪು ಮೈಬಣ್ಣದವರಿಗೆ, ಮನೇಲಿ ಇನ್ಯಾರಿಗಾದ್ರೂ ಇದ್ದವರಿಗೆ. ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ, ದಯವಿಟ್ಟು ಹೆದ್ರಬೇಡಿ.

ಕುಯ್ಸಿಬಿಡೋಣ ಅಂತ ಮಾತ್ರ ಅವಸರ ಮಾಡ್ಬೇಡಿ. ಬರೀ ಕುಯ್ದು ಬಿಟ್ರೆ ಅದೇ ಹೊಸ ಗಾಯ ಆಗಿ ತುಂಬಾ ಜನರಿಗೆ ಮತ್ತೆ ಬರುತ್ತೆ, ಕೆಲವ್ರಿಗೆ ಮೊದಲಿಗಿಂತ ದೊಡ್ಡದಾಗಿ. ಸ್ಕಿನ್ ಡಾಕ್ಟರ್ ಸಾಮಾನ್ಯವಾಗಿ ಗಂಟೊಳಗೇ ಟ್ರಯಾಮ್ಸಿನೊಲೋನ್ ಅನ್ನೋ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರಕ್ಕೊಮ್ಮೆ ಕೊಡ್ತಾರೆ, ಕುಯ್ಯಲೇಬೇಕಾದ್ರೆ ಜೊತೆಗೆ ಆ ಇಂಜೆಕ್ಷನ್ನೋ ಕಿವಿಗೆ ಪ್ರೆಶರ್ ಕ್ಲಿಪ್ಪೋ ಇದ್ದೇ ಇರ್ಬೇಕು, ಡಾಕ್ಟರ್ ಹತ್ರ ಮೊದಲೇ ಕೇಳ್ಕೊಳ್ಳಿ.