ಫ್ರೀಬೇಸಿಕ್: ಪಾಯಿಂಟರ್‌ನಲ್ಲಿರುವ ಬೈಟ್‌ಗಳನ್ನು ಸ್ಟ್ರಿಂಗ್‌ಗೆ ಕಾಪಿ ಮಾಡಿದರೆ ಕ್ರ್ಯಾಶ್ ಆಗುತ್ತದೆ, ಸರಿಯಾದ ದಾರಿ ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಿ ಭಾಷೆಯ ಒಂದು ಲೈಬ್ರರಿ ಪಿಎನ್‌ಜಿ ಚಿತ್ರ ತಯಾರಿಸಿ, ಅದರ ಪಾಯಿಂಟರ್ (ಮೆಮೊರಿಯಲ್ಲಿನ ವಿಳಾಸ) ಮತ್ತು ಉದ್ದ ಎರಡನ್ನೂ ನಿಮ್ಮ ಕೈಗೆ ಕೊಡುತ್ತದೆ. ಆ ಬೈಟ್‌ಗಳು ನಿಮಗೆ ಫ್ರೀಬೇಸಿಕ್ ಭಾಷೆಯ ಮಾಮೂಲಿ ಸ್ಟ್ರಿಂಗ್‌ನಲ್ಲಿ (ಅಕ್ಷರಗಳ ಸಾಲಿನಲ್ಲಿ) ಬೇಕು. ಝಡ್‌ಸ್ಟ್ರಿಂಗ್ (ಸೊನ್ನೆ ಬೈಟ್‌ನಿಂದ ಮುಗಿಯುವ, ಸಿ ಮಾದರಿಯ ಸ್ಟ್ರಿಂಗ್) ಪಾಯಿಂಟರ್ ಅಂತ ಓದಿದರೆ ಬರೀ 8 ಅಕ್ಷರ ಸಿಗುತ್ತದೆ. ಮೆಮ್‌ಸಿಪಿವೈ (ಬೈಟ್‌ಗಳನ್ನು ಕಾಪಿ ಮಾಡುವ ಸಿ ಫಂಕ್ಷನ್) ಮಾಡಿದರೆ ಆ ಸಾಲು ಸಲೀಸಾಗಿ ದಾಟುತ್ತದೆ, ಆದರೆ ಫಂಕ್ಷನ್ ಮುಗಿಯುವ ಹೊತ್ತಿಗೆ ಪ್ರೋಗ್ರಾಂ ಬಿದ್ದುಹೋಗುತ್ತದೆ.

ಎರಡಕ್ಕೂ ಕಾರಣ ಇದೆ. ಮೊದಲು ಆ 8ರ ಕಥೆ ನೋಡೋಣ.

ಪಿಎನ್‌ಜಿ ಫೈಲ್ ಯಾವುದೇ ಇರಲಿ, ಮೊದಲ 8 ಬೈಟ್ ಒಂದೇ: 137, 80, 78, 71, 13, 10, 26, 10. ಇದರ ಬೆನ್ನಿಗೇ ಮೊದಲ ಭಾಗದ ಉದ್ದ ಬರುತ್ತದೆ: 0, 0, 0, 13. ಝಡ್‌ಸ್ಟ್ರಿಂಗ್‌ಗೆ ಸೊನ್ನೆ ಅಂದರೆ ಕೊನೆ. ಅದು ಒಂಬತ್ತನೇ ಬೈಟ್ ನೋಡಿ ಅಲ್ಲೇ ನಿಲ್ಲುತ್ತದೆ. ಅಂದರೆ ನಿಮಗೆ ಸಿಕ್ಕಿದ್ದು ಚಿತ್ರದ ಹಣೆಪಟ್ಟಿ ಮಾತ್ರ. ಇದಕ್ಕೆ ಉಲ್ಟಾ ಆದರೆ ಇನ್ನೂ ಅಪಾಯ. ಬಫರ್‌ನಲ್ಲಿ (ಬೈಟ್‌ಗಳು ಇರುವ ಜಾಗದಲ್ಲಿ) ಸೊನ್ನೆಯೇ ಇಲ್ಲದಿದ್ದರೆ, ಎಲ್ಲೋ ಒಂದು ಸೊನ್ನೆ ಸಿಗುವ ತನಕ ಅದು ಬಫರ್ ದಾಟಿ ಓದುತ್ತಲೇ ಹೋಗುತ್ತದೆ. ಹಾಗಾಗಿ ಉದ್ದ ಗೊತ್ತಿರುವ ಕಚ್ಚಾ ಡೇಟಾಗೆ ಝಡ್‌ಸ್ಟ್ರಿಂಗ್ ಬೇಡವೇ ಬೇಡ.

ಈಗ ಕ್ರ್ಯಾಶ್. ನೀವು ಮೆಮ್‌ಸಿಪಿವೈಗೆ ಗುರಿಯಾಗಿ ಕೊಟ್ಟಿರುವುದು ಎಸ್ ಎಂಬ ನಿಮ್ಮ ಸ್ಟ್ರಿಂಗ್‌ನ ಹೆಸರಿನ ಮುಂದೆ ಅಟ್ ಗುರುತು ಹಾಕಿದ ವಿಳಾಸ. ಅಲ್ಲಿರುವುದು ಅಕ್ಷರಗಳಲ್ಲ, ಡಿಸ್ಕ್ರಿಪ್ಟರ್. ಫ್ರೀಬೇಸಿಕ್ ಸ್ಟ್ರಿಂಗ್‌ನ ಡಿಸ್ಕ್ರಿಪ್ಟರ್‌ನಲ್ಲಿ ಮೂರು ಖಾನೆ: ಅಕ್ಷರಗಳು ಎಲ್ಲಿವೆ ಎಂಬ ಪಾಯಿಂಟರ್, ಈಗಿನ ಉದ್ದ, ಮೀಸಲಿಟ್ಟ ಜಾಗದ ಅಳತೆ. 32 ಬಿಟ್‌ನಲ್ಲಿ ಒಟ್ಟು 12 ಬೈಟ್, 64 ಬಿಟ್‌ನಲ್ಲಿ 24. ಅಕ್ಷರಗಳು ಬೇರೆ ಕಡೆ, ಹೀಪ್‌ನಲ್ಲಿ (ಬೇಕಾದಾಗ ಕೇಳಿ ಪಡೆಯುವ ಮೆಮೊರಿಯಲ್ಲಿ) ಇರುತ್ತವೆ. ನೀವು ಮಾಡಿದ್ದು ಹೊಲದಲ್ಲಿ ಬಿತ್ತುವ ರಾಗಿಯನ್ನು ಪಹಣಿ ಪತ್ರದ ಮೇಲೆ ಸುರಿದ ಹಾಗೆ.

64 ಬಿಟ್‌ನಲ್ಲಿ ಆಗುವುದನ್ನು ಬೈಟ್ ಬೈಟಾಗಿ ನೋಡಿ. ಪಿಎನ್‌ಜಿಯ ಮೊದಲ 8 ಬೈಟ್ ಹೋಗಿ ಪಾಯಿಂಟರ್ ಖಾನೆಯಲ್ಲಿ ಕೂರುತ್ತವೆ. ಇಂಟೆಲ್ ಮಾದರಿಯ ಪ್ರೊಸೆಸರ್ ಚಿಕ್ಕ ತುದಿಯಿಂದ (ಕಡಿಮೆ ಬೆಲೆಯ ಬೈಟ್ ಮೊದಲು) ಓದುವುದರಿಂದ ಆ ವಿಳಾಸ ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 0ಎ1ಎ0ಎ0ಡಿ474ಇ5089 ಆಗುತ್ತದೆ. ಇಂಥ ವಿಳಾಸವೇ ಆ ಪ್ರೊಸೆಸರ್‌ನಲ್ಲಿ ಸಿಂಧುವಲ್ಲ. ಮುಂದಿನ 8 ಬೈಟ್ ಉದ್ದದ ಖಾನೆಗೆ ಬೀಳುತ್ತವೆ. ಅದರಲ್ಲಿ ಪಿಎನ್‌ಜಿಯ ಐ, ಎಚ್, ಡಿ, ಆರ್ ಅಕ್ಷರಗಳೂ ಸೇರಿ, ಉದ್ದ 524448490ಡಿ000000 ಆಗಿಬಿಡುತ್ತದೆ. 24 ದಾಟಿದ ಮೇಲೆ ಉಳಿದದ್ದೆಲ್ಲ ಸ್ಟ್ಯಾಕ್‌ನಲ್ಲಿ (ಫಂಕ್ಷನ್‌ನ ಒಳಗಿನ ವೇರಿಯಬಲ್‌ಗಳು ಇರುವ ಮೆಮೊರಿಯಲ್ಲಿ) ಅಕ್ಕಪಕ್ಕ ಇದ್ದವರ ಮೇಲೆ. ಇಷ್ಟಾದರೂ ಮೆಮ್‌ಸಿಪಿವೈ ಸಾಲಿನಲ್ಲಿ ಏನೂ ಆಗಲಿಲ್ಲ, ಯಾಕೆಂದರೆ ಅದು ಬರೆದ ಜಾಗ ನಿಮ್ಮ ಪ್ರೋಗ್ರಾಂನದ್ದೇ. ಫಂಕ್ಷನ್ ಮುಗಿಯುವಾಗ ರನ್‌ಟೈಮ್ (ಪ್ರೋಗ್ರಾಂ ಜೊತೆ ಸೇರಿರುವ ಫ್ರೀಬೇಸಿಕ್‌ನದೇ ಕೋಡ್) ಸ್ಟ್ರಿಂಗನ್ನು ಬಿಡುಗಡೆ ಮಾಡಲು ಹೋಗುತ್ತದೆ, ಆ ಪೊಳ್ಳು ವಿಳಾಸವನ್ನು ಮುಟ್ಟುತ್ತದೆ, ಬೀಳುತ್ತದೆ. ಡಿಬಗ್ಗರ್‌ನಲ್ಲಿ ಇಂಥ ವಿಳಾಸ ಕಂಡರೆ ಅದರ ಬೈಟ್‌ಗಳನ್ನು ಹಿಂದುಮುಂದಾಗಿ ಓದಿ. ಯಾವ ಡೇಟಾ ಬಂದು ಬಿದ್ದಿದೆ ಅಂತ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

"ಸರಿ, ಅಟ್ ಗುರುತಿನ ಬದಲು ಸ್ಟ್ರ್‌ಪಿಟಿಆರ್ ಹಾಕಿದರೆ ಆಯ್ತಲ್ಲ" ಅಂತ ನೀವು ಕೇಳಬಹುದು. ಅರ್ಧ ಸರಿ, ಸ್ಟ್ರ್‌ಪಿಟಿಆರ್ ಕೊಡುವುದು ಅಕ್ಷರಗಳ ವಿಳಾಸವನ್ನೇ. ಸುಮ್ನೆ ಡಿಮ್ ಮಾಡಿ ಬಿಟ್ಟ ಖಾಲಿ ಸ್ಟ್ರಿಂಗ್‌ಗೆ ಹೀಪ್‌ನಲ್ಲಿ ಜಾಗವೇ ಇರುವುದಿಲ್ಲ. ಅದರ ಸ್ಟ್ರ್‌ಪಿಟಿಆರ್ ಸೊನ್ನೆ. ಸೊನ್ನೆ ವಿಳಾಸಕ್ಕೆ ಬರೆದರೆ ಅಲ್ಲೇ ಕ್ರ್ಯಾಶ್. (ಇದು ಎಷ್ಟೋ ಮೇಲು, ತಪ್ಪಿದ ಸಾಲಿನಲ್ಲೇ ಸಿಕ್ಕಿಬೀಳುತ್ತದೆ.) ಒಂದು ವೇಳೆ ಅದರಲ್ಲಿ ಹಳೇ 10 ಅಕ್ಷರ ಇದ್ದು ನೀವು 5000 ಬೈಟ್ ಸುರಿದರೆ ಹೀಪ್ ಕೆಡುತ್ತದೆ, ಲೆನ್ ಮಾತ್ರ ಇನ್ನೂ 10 ಅನ್ನುತ್ತದೆ. ಮೆಮ್‌ಸಿಪಿವೈಗೆ ಡಿಸ್ಕ್ರಿಪ್ಟರ್ ಅಂದರೇನು ಅಂತ ಗೊತ್ತೇ ಇಲ್ಲ, ಉದ್ದವನ್ನು ಅದು ತಿದ್ದುವುದಿಲ್ಲ.

ಹಾಗಾಗಿ ಜಾಗ ಮಾಡುವ ಕೆಲಸ ರನ್‌ಟೈಮ್‌ನದ್ದು, ತುಂಬುವ ಕೆಲಸ ನಿಮ್ಮದು. ಇದು ಹೊಸದೇನಲ್ಲ. ಫೈಲ್ ಓದುವಾಗ ಸ್ಪೇಸ್ (ಕೇಳಿದಷ್ಟು ಖಾಲಿ ಅಕ್ಷರಗಳ ಸ್ಟ್ರಿಂಗ್ ಕೊಡುವ ಫಂಕ್ಷನ್) ಬಳಸಿ ಎಲ್‌ಒಎಫ್‌ನಷ್ಟು (ಫೈಲಿನ ಅಳತೆಯಷ್ಟು) ಉದ್ದದ ಸ್ಟ್ರಿಂಗ್ ಮಾಡಿಕೊಂಡು ಆಮೇಲೆ ಗೆಟ್ ಕೊಡುತ್ತೇವಲ್ಲ, ಅದೇ ಪದ್ಧತಿ. ಕೆಳಗಿನ ಕೋಡನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಮಾಡಿಕೊಳ್ಳಿ. ಮೆಮ್‌ಸಿಪಿವೈ ಸಿಗಲು ಮೇಲ್ಗಡೆ ಸಿಆರ್‌ಟಿ ಡಾಟ್ ಬಿಐ ಫೈಲನ್ನು ಇನ್‌ಕ್ಲೂಡ್ ಮಾಡಿರಬೇಕು.

ಫಂಕ್ಷನ್ ಬೈಟ್ಸ್‌ಟುಸ್ಟ್ರಿಂಗ್(ಬೈವಾಲ್ ಪಿ ಆಸ್ ಎನಿ ಪಿಟಿಆರ್, ಬೈವಾಲ್ ಎನ್ ಆಸ್ ಇಂಟಿಜರ್) ಆಸ್ ಸ್ಟ್ರಿಂಗ್
    ಡಿಮ್ ಟಿ ಆಸ್ ಸ್ಟ್ರಿಂಗ್
    ಇಫ್ (ಪಿ = 0) ಆರ್ (ಎನ್ <= 0) ದೆನ್ ರಿಟರ್ನ್ ""
    ಟಿ = ಸ್ಪೇಸ್(ಎನ್)
    ಇಫ್ ಲೆನ್(ಟಿ) <> ಎನ್ ದೆನ್ ರಿಟರ್ನ್ ""
    ಮೆಮ್‌ಸಿಪಿವೈ(ಸ್ಟ್ರ್‌ಪಿಟಿಆರ್(ಟಿ), ಪಿ, ಎನ್)
    ರಿಟರ್ನ್ ಟಿ
ಎಂಡ್ ಫಂಕ್ಷನ್

ಇದರಲ್ಲಿ ಎರಡು ಇಫ್ ಸಾಲುಗಳನ್ನು ತೆಗೆಯಬೇಡಿ. ನೆಟ್‌ವರ್ಕ್‌ನಿಂದ ಓದುವ ರೆಸಿವ್ ತರಹದ ಫಂಕ್ಷನ್‌ಗಳು ತಪ್ಪಾದಾಗ -1 ಕೊಡುತ್ತವೆ. ಅದನ್ನೇ ಉದ್ದ ಅಂತ ಕೊಟ್ಟರೆ ಸ್ಪೇಸ್ ಖಾಲಿ ಸ್ಟ್ರಿಂಗ್ ಕೊಟ್ಟು ಸುಮ್ಮನಾಗುತ್ತದೆ. ಮೆಮ್‌ಸಿಪಿವೈ ಮಾತ್ರ ಉದ್ದವನ್ನು ಚಿಹ್ನೆ ಇಲ್ಲದ ಸಂಖ್ಯೆಯಾಗಿ ನೋಡುತ್ತದೆ. 64 ಬಿಟ್‌ನಲ್ಲಿ ಅದಕ್ಕೆ -1 ಅಂದರೆ 18446744073709551615 ಬೈಟ್. ಎರಡನೇ ಇಫ್ ಇರುವುದು ಮೆಮೊರಿ ಸಾಲದೆ ಸ್ಪೇಸ್ ಸೋತಾಗ. ಹೊರಗಿನಿಂದ ಬಂದ ಉದ್ದವಾದರೆ ನಿಮ್ಮ ಕೆಲಸಕ್ಕೆ ತಕ್ಕ ಒಂದು ಮೇಲಿನ ಮಿತಿಯನ್ನೂ ಹಾಕಿ. ಒಂದು ಪುಟ್ಟ ಚಿತ್ರಕ್ಕೆ 2 ಜಿಬಿ ಯಾರಾದರೂ ಕೇಳಿದರೆ ಕೊಡಬಾರದು ಅಲ್ವಾ.

ಬರೆಯುವುದು ಸರಿಯಾಗಿ ಎನ್ ಬೈಟ್ ಮಾತ್ರ ಇರಲಿ. ಸಿ ಲೈಬ್ರರಿಗಳಿಗೆ ಅನುಕೂಲವಾಗಲಿ ಅಂತ ರನ್‌ಟೈಮ್ ಅಕ್ಷರಗಳೆಲ್ಲ ಮುಗಿದ ಮೇಲೆ ಒಂದು ಸೊನ್ನೆ ಬೈಟ್ ಇಟ್ಟಿರುತ್ತದೆ. ಒಂದು ಬೈಟ್ ಹೆಚ್ಚು ಬರೆದರೆ ಅದು ಹೋಯಿತು. ಎಸ್[ಐ] ಅಂತ ಒಂದೊಂದೇ ಬೈಟ್ ತುಂಬುವುದೂ ನಡೆಯುತ್ತದೆ, ಎಣಿಕೆ 0ಯಿಂದ. ಆದರೆ ಅಲ್ಲಿಯೂ ಗಡಿ ದಾಟಿದಿರಾ ಅಂತ ಯಾರೂ ನೋಡುವುದಿಲ್ಲ.

ತಾತ್ಕಾಲಿಕ ವೇರಿಯಬಲ್ ಟಿ ಯಾಕೆ, ನೇರವಾಗಿ ಎಸ್‌ಗೇ ಯಾಕಲ್ಲ? ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಪಿ ಎಂಬುದು ಎಸ್‌ನ ಒಳಗೇ ತೋರಿಸುತ್ತಿದೆ ಅಂದುಕೊಳ್ಳಿ. ಉದಾಹರಣೆಗೆ ಮೊದಲ 4 ಬೈಟ್ ಹೆಡರ್ ಬಿಟ್ಟು ಉಳಿದದ್ದನ್ನು ಅದೇ ಎಸ್‌ಗೆ ತುಂಬಬೇಕು. ಎಸ್‌ಗೆ ಸ್ಪೇಸ್ ಕೊಟ್ಟ ಕೂಡಲೇ ಹಳೇ ಅಕ್ಷರಗಳು ಹೋದವು, ಪಿ ಅನಾಥ. ಕಾಪಿ ಆಗುವುದು ಸ್ಪೇಸ್‌ಗಳೋ ಕಸವೋ, ಅಂತೂ ನಿಮ್ಮ ಡೇಟಾ ಅಲ್ಲ. ಟಿಗೆ ತುಂಬಿ ಕೊನೆಗೆ ಎಸ್‌ಗೆ ಕೊಟ್ಟರೆ ಈ ತಾಪತ್ರಯ ಇಲ್ಲ. ಇದೇ ಕಾರಣಕ್ಕೆ ಸ್ಟ್ರ್‌ಪಿಟಿಆರ್ ಕೊಟ್ಟ ವಿಳಾಸವನ್ನು ಎತ್ತಿಟ್ಟುಕೊಳ್ಳಬೇಡಿ. ಸ್ಟ್ರಿಂಗ್‌ಗೆ ಏನೇ ಹೊಸದಾಗಿ ಕೊಟ್ಟರೂ, ಸೇರಿಸಿದರೂ ಆ ವಿಳಾಸ ಬದಲಾಗಬಹುದು. ಕ್ವಿಕ್‌ಬೇಸಿಕ್ ಕಾಲದಲ್ಲಿ ಇದು ಇನ್ನೂ ಕಷ್ಟವಿತ್ತು. ರನ್‌ಟೈಮ್ ತನಗೆ ಬೇಕಾದಾಗ ಸ್ಟ್ರಿಂಗ್‌ಗಳನ್ನೆಲ್ಲ ಒತ್ತರಿಸಿ ಜಾಗ ಬದಲಿಸುತ್ತಿತ್ತು. ಎಸ್‌ಎಡಿಡಿ (ಅಲ್ಲಿನ ಸ್ಟ್ರ್‌ಪಿಟಿಆರ್) ಕೊಟ್ಟ ವಿಳಾಸವನ್ನು ಅಲ್ಲಿಂದಲ್ಲಿಗೇ ಬಳಸಿಬಿಡಬೇಕಿತ್ತು.

ಕೆಲವರು ಡಿಸ್ಕ್ರಿಪ್ಟರನ್ನೇ ಕೈಯಿಂದ ತಿದ್ದುವ ಉಪಾಯ ಹೇಳಿಕೊಡುತ್ತಾರೆ: ಪಾಯಿಂಟರ್ ಖಾನೆಗೆ ಲೈಬ್ರರಿಯ ಬಫರ್ ವಿಳಾಸ ಹಾಕು, ಉದ್ದ ಬರೆ, ಕಾಪಿಯೇ ಬೇಡ ಅಂತ. ನನ್ನ ಪ್ರಕಾರ ಇದು ಬೇಡ. ಸ್ಟ್ರಿಂಗ್ ಸಾಯುವಾಗ ಫ್ರೀಬೇಸಿಕ್ ಆ ಬಫರನ್ನು ತನ್ನ ಹೀಪ್‌ಗೆ ವಾಪಸ್ ಕೊಡಲು ಹೋಗುತ್ತದೆ. ವಿಂಡೋಸ್‌ನಲ್ಲಿ ಡಿಎಲ್‌ಎಲ್‌ನ ಹೀಪ್ ಬೇರೆಯೇ ಇರಬಹುದು. ಬಫರ್ ಹುಟ್ಟಿಸಿದ ಲೈಬ್ರರಿಯೇ ಅದನ್ನು ಬಿಡುಗಡೆ ಮಾಡಬೇಕು, ನಿಮ್ಮ ಕಾಪಿ ಮುಗಿದ ಮೇಲೆ, ಅದೇ ಲೈಬ್ರರಿ ಕೊಟ್ಟಿರುವ ಫಂಕ್ಷನ್‌ನಿಂದ. ಜೊತೆಗೆ ಉದ್ದದ ಖಾನೆಯ ತುತ್ತತುದಿಯ ಬಿಟ್ ತಾತ್ಕಾಲಿಕ ಸ್ಟ್ರಿಂಗ್‌ನ ಗುರುತು, ಅಲ್ಲಿ ಬರೀ ಉದ್ದವೇ ಇರುತ್ತದೆ ಅನ್ನುವ ಹಾಗೂ ಇಲ್ಲ. ಖಾನೆಗಳು 4 ಬೈಟ್ ಅಂತ ನಂಬಿ ಬರೆದ ಇಂಥ ಕೋಡೆಲ್ಲ 64 ಬಿಟ್‌ಗೆ ಬಂದಾಗ ಮುರಿಯುತ್ತದೆ. ಸ್ಟ್ರಿಂಗ್ ಇರುವ ಟೈಪ್ (ಹಲವು ವೇರಿಯಬಲ್‌ಗಳ ಕಟ್ಟು) ಒಂದನ್ನು ಇಡಿಯಾಗಿ ಮೆಮ್‌ಸಿಪಿವೈ ಮಾಡುವುದೂ ಇದೇ ಜಾತಿಯ ತಪ್ಪು. ಎರಡು ಡಿಸ್ಕ್ರಿಪ್ಟರ್, ಒಂದೇ ಬಫರ್, ಎರಡು ಸಲ ಬಿಡುಗಡೆ.

ಬಂದ ಬೈಟ್‌ಗಳು ಕನ್ನಡ ಪಠ್ಯವಾಗಿದ್ದರೆ ಇನ್ನೊಂದು ಮಾತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ 3 ಬೈಟ್. "ಕನ್ನಡ" ಎಂಬುದರಲ್ಲಿ ಅಂಥವು ಐದು: ಕ, ನ, ಹಲಂತ ಚಿಹ್ನೆ, ನ, ಡ. ಲೆನ್ 15 ಅನ್ನುತ್ತದೆ, ಅದು ತಪ್ಪಲ್ಲ. ಆದರೆ ಲೆಫ್ಟ್ ಬಳಸಿ 4 ತೆಗೆದರೆ ಎರಡನೇ ಅಕ್ಷರ ಅಡ್ಡಡ್ಡ ಸೀಳುತ್ತದೆ.

ಇದೇ ಕೆಲಸವನ್ನು ವಿಷುಯಲ್ ಬೇಸಿಕ್ 6ರಲ್ಲಿ ಮಾಡುವವರು ಮೇಲಿನ ಕೋಡನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಸ್ಟ್ರಿಂಗ್ ಯುಟಿಎಫ್-16, ಅದರ ಉದ್ದ ಅಕ್ಷರಗಳು ಶುರುವಾಗುವ ಮೊದಲಿನ 4 ಬೈಟ್‌ನಲ್ಲಿರುತ್ತದೆ. ಸ್ಪೇಸ್‌ಗೆ 100 ಕೊಟ್ಟರೆ 200 ಬೈಟ್ ಜಾಗ. ಡಿಕ್ಲೇರ್ ಮಾಡಿದ (ಹೊರಗಿನ ಲೈಬ್ರರಿಯ) ಫಂಕ್ಷನ್‌ಗೆ ಸ್ಟ್ರಿಂಗನ್ನೇ ಕೊಟ್ಟರೆ ದಾರಿಯಲ್ಲಿ ಅದು ಆನ್ಸಿ ಪ್ರತಿಯಾಗಿ ಬದಲಾಗುತ್ತದೆ. ಕಚ್ಚಾ ಡೇಟಾಗೆ ಅಲ್ಲಿ ಬೈಟ್ ಅರೇಯೇ ಸರಿ.

ಕೊನೆಗೆ ನಿಮ್ಮ ಡಿಕ್ಲೇರ್ ಸಾಲನ್ನೂ ಒಮ್ಮೆ ನೋಡಿ. ಪ್ರಶ್ನೆಯಲ್ಲಿ ನೀವು ಅದನ್ನು ಹಾಕಿಲ್ಲ. ಲೈಬ್ರರಿ ಉದ್ದವನ್ನು ಪಾಯಿಂಟರ್ ಮೂಲಕ ವಾಪಸ್ ಕೊಡುವುದಾದರೆ, ಸಿ ಕಡೆ ಅದು ಸೈಜ್‌ಟಿ ಆಗಿದ್ದರೆ ನಿಮ್ಮ ಕಡೆ ಯುಇಂಟಿಜರ್ ಇರಬೇಕು. ಫ್ರೀಬೇಸಿಕ್‌ನಲ್ಲಿ ಲಾಂಗ್ ಯಾವಾಗಲೂ 4 ಬೈಟ್. 64 ಬಿಟ್ ಲೈಬ್ರರಿ ಅದರಲ್ಲಿ 8 ಬೈಟ್ ಬರೆದರೆ ಪಕ್ಕದ ವೇರಿಯಬಲ್ ಕೆಡುತ್ತದೆ, ಮತ್ತೆ ಇಂಥದ್ದೇ ವಿಚಿತ್ರ ಕ್ರ್ಯಾಶ್. ಮೇಲಿನ ಫಂಕ್ಷನ್ ಹಾಕಿದ ಮೇಲೂ ಬಿದ್ದರೆ ಆ ಸಾಲು ಮತ್ತು ಲೈಬ್ರರಿಯ ಹೆಡರ್‌ನ ಸಾಲು ಎರಡನ್ನೂ ಇಲ್ಲಿ ಹಾಕಿ, ನೋಡುತ್ತೇನೆ.